ವಿಲ್ಯಂ ಕೇರಿಯವರು ನಿಂದೆಯಲ್ಲಿ ಕಲಿತ ಪಾಠ

ಕ್ರಿಸ್ತನ ಹೆಸರಿನ ನಿಮಿತ್ತ ನೆರೆಹೊರೆಯವರ ನಗೆಗೆ ಗುರಿಯಾಗುವದು ನಮ್ಮ ಹಳ್ಳಿಯ ಸಭೆಗಳವರಿಗೆ ಹೊಸದಲ್ಲ. ಬಾವಿಯ ಕಟ್ಟೆಯಲ್ಲಿಯೂ ಸಂತೆಯಲ್ಲಿಯೂ, ಕೆಲವು ಸಾರಿ ಸ್ವಂತ ಬಂಧುಗಳ ಮನೆಯಲ್ಲಿಯೂ ಚುಚ್ಚುಮಾತುಗಳು ಕೇಳಬರುತ್ತವೆ. ಅದರಲ್ಲಿಯೂ ನಮ್ಮ ಹಿರಿಯರ ಬಡತನವನ್ನಾಗಲಿ ಕಸುಬನ್ನಾಗಲಿ ಎತ್ತಿ ಆಡಿದ ಮಾತು ಕಾಲಿನಲ್ಲಿ ಮುರಿದ ಮುಳ್ಳಿನಂತೆ ಬಹುದಿನ ಒಳಗೆ ಉಳಿದು ನೋಯಿಸುತ್ತದೆ. ಅಂಥ ಮಾತಿಗೆ ಎದುರುಮಾತು ಆಡಬೇಕೋ, ತಲೆ ತಗ್ಗಿಸಿಕೊಂಡು ಹೋಗಬೇಕೋ ಎಂದು ಎಷ್ಟೋ ಮಂದಿ ವಿಶ್ವಾಸಿಗಳು ತಮ್ಮೊಳಗೆ ತರ್ಕಿಸುತ್ತಾರೆ. ಇದಕ್ಕೆ ಬುದ್ಧಿವಾದದಿಂದ ಉತ್ತರ ಕೊಡುವದಕ್ಕಿಂತ ಒಬ್ಬ ಮನುಷ್ಯನ ಜೀವಮಾನದಿಂದ ಉತ್ತರ ತೋರಿಸುವದು ಮೇಲೆಂದು ನಾವೆಣಿಸಿ, ಬಂಗಾಳ ದೇಶದಲ್ಲಿ ನಾಲ್ವತ್ತು ವರ್ಷ ದುಡಿದ ವಿಲ್ಯಂ ಕೇರಿಯವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ವಿಲ್ಯಂ ಕೇರಿಯು 1761ನೆಯ ಇಸವಿಯ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅವನ ತಂದೆಯಾದ ಎಡ್ಮಂಡನು ಮೊದಲು ನೇಕಾರನಾಗಿದ್ದು, ತರುವಾಯ ಊರಿನ ಶಾಲೆಯ ಉಪಾಧ್ಯಾಯನೂ ದೇವಾಲಯದ ಗುಮಾಸ್ತನೂ ಆದನು. ಹುಡುಗನಿಗೆ ಮರಗಿಡಗಳಲ್ಲಿಯೂ ಹಕ್ಕಿಹುಳುಗಳಲ್ಲಿಯೂ ಬಹಳ ಪ್ರೀತಿ. ತೋಟದ ಕೆಲಸವೇ ಅವನಿಗೆ ಇಷ್ಟವಾಗಿತ್ತು. ಆದರೆ ಅವನಿಗೆ ಚರ್ಮದ ಬೇನೆಯೊಂದಿದ್ದು ಬಿಸಿಲಿನಲ್ಲಿ ದುಡಿಯಲಾರದೆ ಹೋದದರಿಂದ, ತಂದೆಯು ಅವನನ್ನು ಪಿಡಿಂಗ್ಟನ್ ಎಂಬ ಊರಿನಲ್ಲಿ ಜೋಡು ಹೊಲಿಯುವ ಒಬ್ಬ ಯಜಮಾನನ ಬಳಿಯಲ್ಲಿ ಕೆಲಸ ಕಲಿಯಲು ಬಿಟ್ಟನು. ಲೋಕವು ಮುಂದೆ ಬಹುಕಾಲ ಅವರನ್ನು ಹೀಯಾಳಿಸುವದಕ್ಕೆ ಹಿಡಿದುಕೊಂಡ ಕಸುಬು ಇದೇ.

ಆದರೆ ಒಂದು ಸಂಗತಿಯನ್ನು ನಾವು ಮರೆಯಬಾರದು. ನಿಂದೆಯನ್ನು ಹೊರುವದಕ್ಕೆ ಮೊದಲು ಕೇರಿಯು ತಾನೇ ನಿಂದಿಸುವವನಾಗಿದ್ದನು. ಆ ಕಾಲದಲ್ಲಿ ಇಂಗ್ಲೆಂಡಿನ ರಾಜ್ಯಸಭೆಯಿಂದ ಬೇರೆಯಾಗಿ ಚಿಕ್ಕ ಕೂಟಮನೆಗಳಲ್ಲಿ ಸೇರಿಬರುತ್ತಿದ್ದ ವಿಶ್ವಾಸಿಗಳಿದ್ದರು. ಅವರು ಹೆಚ್ಚಾಗಿ ಬಡವರು. ಊರಿನ ಮಾನವಂತರು ಅವರನ್ನು ತುಚ್ಛವಾಗಿ ಕಾಣುತ್ತಿದ್ದರು. ಕೇರಿಯ ಜೊತೆಯಲ್ಲಿ ಕೆಲಸ ಕಲಿಯುತ್ತಿದ್ದ ಜಾನ್ ವಾರ್ ಎಂಬ ಯೌವನಸ್ಥನು ಈ ಕೂಟದವನಾಗಿದ್ದನು. ಕೇರಿಯಾದರೋ ದೇವಾಲಯದ ಗುಮಾಸ್ತನ ಮಗನೆಂಬ ಹೆಮ್ಮೆಯಿಂದ ಅವನೊಡನೆ ವಾದಿಸಿ, ಮಾತಿನ ಜಾಣತನದಿಂದ ಗೆದ್ದು, ಕೂಟದವರನ್ನು ಹಾಸ್ಯಮಾಡುತ್ತಿದ್ದನು. ಆದರೂ ವಾದದಲ್ಲಿ ಸೋತ ವಾರನ ನಡತೆಯಲ್ಲಿ ತನ್ನಲ್ಲಿಲ್ಲದ ಯಾವದೋ ಒಂದು ಉಂಟೆಂದು ಅವನ ಮನಸ್ಸಾಕ್ಷಿಯು ಚುಚ್ಚುತ್ತಿತ್ತು.

ಈ ಹೆಮ್ಮೆಯನ್ನು ಮುರಿದದ್ದು ಒಂದು ಹಿತ್ತಾಳೆಯ ನಾಣ್ಯ. ಕ್ರಿಸ್ತಜಯಂತಿಯ ಕಾಲದಲ್ಲಿ ಕೆಲಸದ ಹುಡುಗರಿಗೆ ವರ್ತಕರು ಇನಾಮು ಕೊಡುವ ವಾಡಿಕೆಯಿತ್ತು. ಕಬ್ಬಿಣದ ವ್ಯಾಪಾರಿಯೊಬ್ಬನು ಅವನಿಗೊಂದು ಶಿಲ್ಲಿಂಗನ್ನು ಕೊಟ್ಟನು; ಅದು ಖೋಟಾ ಎಂದು ತಿಳಿಯುವಷ್ಟರಲ್ಲಿ ಕೇರಿಯು ತನಗೋಸ್ಕರ ಕೆಲವು ಸಾಮಾನುಗಳನ್ನು ಕೊಂಡಾಗಿತ್ತು. ಅವನು ಯಜಮಾನನ ಹಣದಿಂದ ಒಂದು ಒಳ್ಳೇ ಶಿಲ್ಲಿಂಗನ್ನು ತೆಗೆದು ಖರ್ಚನ್ನು ತೀರಿಸಿ, ಖೋಟಾ ನಾಣ್ಯವು ಯಜಮಾನನ ಹಣದಲ್ಲಿಯೇ ಬಂದದ್ದೆಂದು ಹೇಳಬೇಕೆಂದು ಗೊತ್ತುಮಾಡಿಕೊಂಡನು. ಈ ಒಂದು ಸುಳ್ಳು ಬಯಲಾಗದಂತೆ ದೇವರು ಕಾಪಾಡಿದರೆ ಇನ್ನು ಮುಂದೆ ಕೆಟ್ಟದ್ದನ್ನೆಲ್ಲಾ ಬಿಟ್ಟುಬಿಡುವೆನೆಂದು ದಾರಿಯುದ್ದಕ್ಕೂ ಪ್ರಾರ್ಥಿಸುತ್ತಾ ಮನೆಗೆ ಬಂದನು. ದೇವರು ಆ ಪ್ರಾರ್ಥನೆಗೆ ಕಿವಿಗೊಡಲಿಲ್ಲ. ಯಜಮಾನನು ಮತ್ತೊಬ್ಬ ಹುಡುಗನನ್ನು ಕಳುಹಿಸಿ ವಿಚಾರಿಸಿದಾಗ ಸತ್ಯವು ಹೊರಬಿತ್ತು. ನಾಚಿಕೆಯಿಂದ ಕೇರಿಯು ಬಹುದಿನಗಳ ತನಕ ಜನರ ಮುಖ ನೋಡಲಾರದೆ ಇದ್ದನು. ಬೀದಿಯಲ್ಲಿ ಎದುರಾದವರೆಲ್ಲರೂ ತನ್ನ ಕಳ್ಳತನವನ್ನು ಬಲ್ಲರೆಂದೇ ಅವನಿಗೆ ತೋರುತ್ತಿತ್ತು.

ಇದೇ ಅವನ ಮೊದಲನೆಯ ಪಾಠ. ನಿಂದೆಯೆಲ್ಲಾ ಕ್ರಿಸ್ತನ ನಿಮಿತ್ತವಾದದ್ದಲ್ಲ. ನಮ್ಮ ತಪ್ಪಿನಿಂದ ಬಂದ ನಾಚಿಕೆಯನ್ನು ಶಿಲುಬೆಯೆಂದು ಹೇಳಿಕೊಳ್ಳುವದು ಸಲ್ಲದು; ಅದಕ್ಕೆ ಮದ್ದು ಪಶ್ಚಾತ್ತಾಪವೊಂದೇ. ಆದರೆ ದೇವರ ಮುಂದೆ ಒಮ್ಮೆ ನಿಜವಾಗಿ ನಾಚಿದವನಿಗೆ ಮನುಷ್ಯರ ಮುಂದೆ ಕಾಪಾಡಿಕೊಳ್ಳಬೇಕಾದ ದೊಡ್ಡಸ್ತಿಕೆ ಯಾವದೂ ಉಳಿಯುವದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ಚರಿತ್ರೆಯು ಚೆನ್ನಾಗಿ ತಿಳಿಯುವದು.

1779ನೆಯ ಇಸವಿಯ ಫೆಬ್ರವರಿ 10ರಂದು, ಯುದ್ಧದ ಸಂಕಟದ ನಿಮಿತ್ತ ದೇಶವೆಲ್ಲಾ ಉಪವಾಸ ಪ್ರಾರ್ಥನೆಯನ್ನು ಆಚರಿಸಬೇಕೆಂದು ಅರಸನ ಆಜ್ಞೆಯಾಗಿತ್ತು. ಆ ದಿನ ಕೇರಿಯು ಹ್ಯಾಕಲ್ಟನ್ ಎಂಬ ಊರಿನ ಬಡ ಕೂಟದಲ್ಲಿ ಕುಳಿತು ಪ್ರಸಂಗವನ್ನು ಕೇಳಿದನು. ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ, ಪಾಳೆಯದ ಹೊರಗೆ ಹೋಗಿ ಕ್ರಿಸ್ತನ ಅವಮಾನದಲ್ಲಿ ಪಾಲುಗಾರರಾಗಬೇಕೆಂದು ವಿಶ್ವಾಸಿಗಳನ್ನು ಕರೆಯುವ ಮಾತನ್ನು ಬೋಧಕನು ಎತ್ತಿ ಹೇಳಿದನು. ಆ ಮಾತು ಕೇರಿಯ ಹೃದಯವನ್ನು ನಾಟಿತು. ತಾನು ಇದುವರೆಗೆ ಹಾಸ್ಯಮಾಡುತ್ತಿದ್ದ ಜನರೊಂದಿಗೆ ಇನ್ನು ಮುಂದೆ ಹಾಸ್ಯಕ್ಕೆ ಗುರಿಯಾಗಬೇಕೆಂದು ಅವನು ತೀರ್ಮಾನಿಸಿದನು. 1783ನೆಯ ಇಸವಿಯ ಅಕ್ಟೋಬರ್ 5ರಂದು ನೆನ್ ಎಂಬ ಹೊಳೆಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು.

1781ರಲ್ಲಿ ಅವನು ಡಾರತಿ ಪ್ಲ್ಯಾಕೆಟ್ ಎಂಬವಳನ್ನು ಮದುವೆಯಾಗಿದ್ದನು. ಆಕೆಗೆ ತನ್ನ ಹೆಸರನ್ನು ಬರೆಯುವಷ್ಟು ಓದೂ ಇರಲಿಲ್ಲ. ಅವರ ಮೊದಲನೆಯ ಕೂಸು ಜ್ವರದಿಂದ ತೀರಿಹೋಯಿತು. ಅದೇ ಜ್ವರದಿಂದ ಕೇರಿಯ ತಲೆಗೂದಲು ಉದುರಿಹೋಯಿತು. ಅವನು ಬೋಧಕನಾಗಬೇಕೆಂದು ಓಲ್ನಿ ಎಂಬ ಊರಿನ ಸಭೆಯ ಮುಂದೆ 1785ರಲ್ಲಿ ಪರೀಕ್ಷೆಯ ಪ್ರಸಂಗ ಮಾಡಿದಾಗ, ಸಭೆಯವರು ತೃಪ್ತರಾಗದೆ ಇನ್ನೂ ಕೆಲವು ಕಾಲ ನೋಡಬೇಕೆಂದು ನಿರ್ಣಯಿಸಿದರು. ಒಂದು ವರ್ಷ ತಡೆದು ಒಪ್ಪಿಗೆ ಕೊಟ್ಟರು. 1787ರಲ್ಲಿ ಮೋಲ್ಟನ್ ಎಂಬ ಹಳ್ಳಿಯ ಸಭೆಗೆ ಅವನು ಪಾಲಕನಾಗಿ ನೇಮಿಸಲ್ಪಟ್ಟನು. ಇನ್ನು ಮೇಲೆ ನಾವೂ ಅವರನ್ನು ಕೇರಿಯವರೆಂದು ಕರೆಯುವದು ಯುಕ್ತ.

ಮೋಲ್ಟನಿನ ಸಭೆಯಿಂದ ಸಿಕ್ಕುತ್ತಿದ್ದ ಸಂಬಳವು ಸಂಸಾರಕ್ಕೆ ಸಾಲದ್ದರಿಂದ ಕೇರಿಯವರು ಹಗಲಲ್ಲಿ ಶಾಲೆ ನಡಿಸಿ, ಅದೂ ಸಾಲದೆ ಜೋಡು ಹೊಲಿದು, ಹೊಲಿದದ್ದನ್ನು ಚೀಲದಲ್ಲಿ ಹೊತ್ತು ಕೆಟ್ಟರಿಂಗ್ ಪಟ್ಟಣಕ್ಕೆ ಕೊಟ್ಟುಬರುತ್ತಿದ್ದರು. ಅವರ ಕೆಲಸದ ಕೋಣೆಯ ಗೋಡೆಯಲ್ಲಿ ಕಾಗದಗಳನ್ನು ಅಂಟಿಸಿ ಕೈಯಿಂದ ಬರೆದ ಭೂಪಟವೊಂದಿತ್ತು. ಅದರಲ್ಲಿ ಆಯಾ ದೇಶದ ಜನಸಂಖ್ಯೆಯನ್ನೂ ಮತವನ್ನೂ ಗುರುತುಮಾಡಿದ್ದರು. ಕೈಯಲ್ಲಿ ಚರ್ಮವೂ ಕಣ್ಣೆದುರಿಗೆ ಭೂಪಟವೂ ಇರುವಾಗ, ಸುವಾರ್ತೆಯನ್ನು ಕೇಳದ ಜನಾಂಗಗಳ ಭಾರವು ಅವರ ಮೇಲೆ ಬಿತ್ತು.

ಆ ಕಾಲದ ಬೋಧಕರಲ್ಲಿ ಅನೇಕರು ಅನ್ಯದೇಶಗಳಿಗೆ ಸುವಾರ್ತಿಕರನ್ನು ಕಳುಹಿಸುವದು ಅಪೊಸ್ತಲರೊಂದಿಗೇ ಮುಗಿದ ಕೆಲಸವೆಂದು ಎಣಿಸಿದ್ದರು. ಬೋಧಕರ ಒಂದು ಕೂಟದಲ್ಲಿ ಕೇರಿಯವರು ಈ ವಿಷಯವನ್ನು ಎತ್ತಿದಾಗ ಹಿರಿಯರೊಬ್ಬರು ಅವರನ್ನು ಗದರಿಸಿ ಕುಳ್ಳಿರಿಸಿದರೆಂದು ಹೇಳಿಕೆಯುಂಟು. ಕೇರಿಯವರು ಕುಳಿತರು, ಆದರೆ ವಿಷಯವನ್ನು ಬಿಡಲಿಲ್ಲ. ಕೋಪದಿಂದ ಉತ್ತರ ಕೊಡುವದಕ್ಕೆ ಬದಲಾಗಿ ಅವರು ವರ್ಷಗಟ್ಟಲೆ ಲೆಕ್ಕ ಕೂಡಿಸಿ, ಕ್ರೈಸ್ತರ ಈ ಕರ್ತವ್ಯವನ್ನು ವಿಚಾರಿಸುವ 87 ಪುಟಗಳ ಪುಸ್ತಕವೊಂದನ್ನು 1792ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ನಾಟಿಂಗಮ್ ಪಟ್ಟಣದಲ್ಲಿ, ಗುಡಾರದ ಸ್ಥಳವನ್ನು ಅಗಲಮಾಡುವದನ್ನು ಕುರಿತ ಯೆಶಾಯನ 54ನೆಯ ಅಧ್ಯಾಯದ ಮೇಲೆ ಪ್ರಸಂಗಿಸಿದರು. ಅಕ್ಟೋಬರ್ 2ರಂದು ಕೆಟ್ಟರಿಂಗಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವರು ಬೋಧಕರು ಕೂಡಿ ಮಿಶನ್ ಸಂಘವನ್ನು ಸ್ಥಾಪಿಸಿದರು. ಅಂದು ಕೊಡುತ್ತೇವೆಂದು ಬರೆದ ಹಣವು 13 ಪೌಂಡು 2 ಶಿಲ್ಲಿಂಗು 6 ಪೆನ್ಸು ಮಾತ್ರ. ಕೇರಿಯವರು ತಾವೇ ಹೋಗುವದಕ್ಕೆ ಒಪ್ಪಿಕೊಂಡ ಸುದ್ದಿಯನ್ನು ಕೇಳಿದ ಅವರ ತಂದೆಯು, ಮಗನಿಗೆ ಹುಚ್ಚು ಹಿಡಿಯಿತೇ ಎಂದು ವಿಚಾರಿಸಿದನಂತೆ.

ಇಲ್ಲಿ ನಾವು ಡಾರತಿಯಮ್ಮನವರನ್ನು ನೆನಸದೆ ಮುಂದೆ ಹೋಗಬಾರದು. ಆಕೆ ಮೊದಲು ಬರುವದಕ್ಕೆ ಒಪ್ಪಲಿಲ್ಲ; ಸಮುದ್ರವನ್ನು ಕಂಡವಳಲ್ಲ, ತುಂಬಿದ ಬಸುರಿ ಬೇರೆ. ಪ್ರಯಾಣವು ತಡವಾದದ್ದರಿಂದ ಕೇರಿಯವರು ಮತ್ತೆ ಮನೆಗೆ ಬಂದಾಗ, ಕೆಲವೇ ವಾರಗಳ ಕೂಸನ್ನು ಎತ್ತಿಕೊಂಡು, ತನ್ನ ತಂಗಿಯೂ ಜೊತೆಯಲ್ಲಿ ಬರುವದಾದರೆ ಹೊರಡುವೆನೆಂದಳು. ಇಂಗ್ಲಿಷ್ ಕಂಪೆನಿಯ ಸರಕಾರವು ಮಿಶನರಿಗಳಿಗೆ ಅಪ್ಪಣೆ ಕೊಡದಿದ್ದದರಿಂದ ಅವರು 1793ನೆಯ ಇಸವಿಯ ಜೂನ್ 13ರಂದು ಡೇನರ ಹಡಗನ್ನು ಹತ್ತಿ, ನವೆಂಬರ್ 11ರಂದು ಕಲ್ಕತ್ತೆಯನ್ನು ಮುಟ್ಟಿದರು. ತಂದ ಹಣವು ಬೇಗನೆ ಮುಗಿಯಿತು. ಸುಂದರಬನದ ಕಾಡಿನ ಅಂಚಿನಲ್ಲಿ ಕೆಲವು ತಿಂಗಳು ಕಷ್ಟಪಟ್ಟ ಮೇಲೆ, 1794ರಲ್ಲಿ ಉತ್ತರ ಬಂಗಾಳದ ಮದ್ನಾಬಾಟಿ ಎಂಬಲ್ಲಿ ನೀಲಿಯ ಕಾರ್ಖಾನೆಯನ್ನು ನೋಡಿಕೊಳ್ಳುವ ಕೆಲಸ ದೊರೆಯಿತು. ಆ ವರ್ಷವೇ ಐದು ವರ್ಷದ ಮಗ ಪೀಟರನು ರಕ್ತಭೇದಿಯಿಂದ ತೀರಿಹೋದನು. ಜಾತಿ ಕೆಡುವದೆಂಬ ಭಯದಿಂದ ಪೆಟ್ಟಿಗೆ ಮಾಡುವದಕ್ಕೂ ಕುಣಿ ತೋಡುವದಕ್ಕೂ ಹೆಣ ಹೊರುವದಕ್ಕೂ ಜನರು ಹಿಂಜರಿದರು. ಜ್ವರದಿಂದ ಏಳಲಾರದೆ ಬಿದ್ದಿದ್ದ ತಂದೆಗೆ ಸ್ವಂತ ಮಗನ ಮಣ್ಣಿಗೋಸ್ಕರ ಬೇಡಿಕೊಳ್ಳಬೇಕಾಯಿತು. ಆ ದುಃಖದ ತರುವಾಯ ಡಾರತಿಯಮ್ಮನವರ ಬುದ್ಧಿಯು ಕೆಟ್ಟುಹೋಯಿತು. 1807ನೆಯ ಇಸವಿಯ ಡಿಸೆಂಬರ್ 8ರಂದು ಸಾಯುವ ತನಕ ಆಕೆ ಗುಣಹೊಂದಲಿಲ್ಲ. ಭ್ರಾಂತಿಯಲ್ಲಿ ಗಂಡನು ತನಗೆ ದ್ರೋಹಮಾಡುತ್ತಾನೆಂದು ಎಲ್ಲರ ಮುಂದೆ ಕೂಗುತ್ತಿದ್ದಳು. ಪಕ್ಕದ ಕೋಣೆಯಿಂದ ಆ ಕೂಗು ಕೇಳಿಬರುವಾಗ ಕೇರಿಯವರು ಸತ್ಯವೇದದ ಭಾಷಾಂತರವನ್ನು ಬರೆಯುತ್ತಿದ್ದರು. ಲೋಕದ ಪರಿಹಾಸ್ಯವನ್ನು ಸಹಿಸುವದು ಇದರ ಮುಂದೆ ಹಗುರವೇ ಸರಿ. ಈ ಶ್ರಮೆಯಲ್ಲಿ ಹೆಚ್ಚಿನ ಪಾಲು ಆ ತಾಯಿಯದಾಗಿತ್ತೆಂದೂ, ಕರ್ತನ ಸೇವೆಗೆ ಹೊರಟವರು ತಮ್ಮ ಮನೆಯವರ ಮೇಲೆ ಬೀಳುವ ಭಾರವನ್ನು ಎಂದಿಗೂ ಹಗುರವಾಗಿ ಎಣಿಸಬಾರದೆಂದೂ ನಾವು ಹೇಳುತ್ತೇವೆ.

ಬಂಗಾಳಕ್ಕೆ ಬಂದು ಏಳು ವರ್ಷ ಕಳೆದರೂ ಆ ದೇಶದವನೊಬ್ಬನಾದರೂ ದೀಕ್ಷಾಸ್ನಾನ ಹೊಂದಲಿಲ್ಲ. 1800ನೆಯ ಇಸವಿಯ ಆರಂಭದಲ್ಲಿ ಕೇರಿಯವರು ಡೇನರ ಆಳಿಕೆಯಲ್ಲಿದ್ದ ಶ್ರೀರಾಮಪುರಕ್ಕೆ ಬಂದು, ಹೊಸದಾಗಿ ಬಂದ ಮಾರ್ಷ್‌ಮನ್ ಮತ್ತು ವಾರ್ಡ್ ಎಂಬ ಸಹೋದರರೊಡನೆ ಕೂಡಿಕೊಂಡರು. ಅಲ್ಲಿ ಕೃಷ್ಣಪಾಲನೆಂಬ ಬಡಗಿಯು ಜಾರಿಬಿದ್ದು ತೋಳಿನ ಕೀಲು ತಪ್ಪಿಸಿಕೊಂಡಾಗ, ಕೇರಿಯವರ ಜೊತೆಯಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ವೈದ್ಯರಾದ ಥಾಮಸರು ಅದನ್ನು ಸರಿಪಡಿಸಿ ಸುವಾರ್ತೆಯನ್ನೂ ಹೇಳಿದರು. ಕೃಷ್ಣಪಾಲನು ನಂಬಿದನು. ಅವನು ಮಿಶನರಿಗಳೊಂದಿಗೆ ಊಟಮಾಡಿದ ಸುದ್ದಿ ಹರಡಿದಾಗ ಜನರು ಗುಂಪುಗುಂಪಾಗಿ ಕೂಡಿಬಂದು ಬೈದು, ಎಳೆದುಕೊಂಡುಹೋಗಿ ಅಧಿಕಾರಿಯ ಮುಂದೆ ನಿಲ್ಲಿಸಿದರು. ಅಧಿಕಾರಿಯು ಅವನನ್ನು ಬಿಡಿಸಿ ಕಳುಹಿಸಿದನು. ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೇರಿಯವರ ಹಿರೀ ಮಗನೊಂದಿಗೆ ಅವನಿಗೆ ದೀಕ್ಷಾಸ್ನಾನವಾಯಿತು. ಜೋಡು ಹೊಲಿದವರ ಕೈಯಿಂದ ಒಬ್ಬ ಬಡಗಿಯು, ನಜರೇತಿನ ಬಡಗಿಯ ಹೆಸರಿನಲ್ಲಿ ನೀರಿಗಿಳಿದದ್ದನ್ನು ನೆನಸುವಾಗ ನಮ್ಮ ಮನಸ್ಸು ಹಿಗ್ಗುತ್ತದೆ.

ಬಂಗಾಳಿ ಹೊಸ ಒಡಂಬಡಿಕೆಯು 1801ರಲ್ಲಿ ಅಚ್ಚಾಯಿತು. ಅದೇ ವರ್ಷ ಕಲ್ಕತ್ತೆಯ ಫೋರ್ಟ್ ವಿಲ್ಯಂ ಕಾಲೇಜಿನಲ್ಲಿ ಬಂಗಾಳಿಯನ್ನು ಕಲಿಸಲು ಸರಕಾರವು ಕೇರಿಯವರನ್ನು ಕರೆಯಿತು. ಕಾಲೇಜಿನಲ್ಲಿ ಓದದಿದ್ದ ಮನುಷ್ಯನು ಕಾಲೇಜಿನ ಉಪಾಧ್ಯಾಯನಾದನು. ತಿಂಗಳಿಗೆ ಬರುತ್ತಿದ್ದ 500 ರೂಪಾಯಿಗಳಲ್ಲಿ ಸ್ವಲ್ಪವನ್ನಿಟ್ಟುಕೊಂಡು ಉಳಿದದ್ದನ್ನು ಮಿಶನಿನ ಸಾಮಾನ್ಯ ಪೆಟ್ಟಿಗೆಗೆ ಹಾಕುತ್ತಿದ್ದರು. ಆದರೆ ಮಾನದೊಂದಿಗೆ ಪರಿಹಾಸ್ಯವೂ ಹೆಚ್ಚಿತು. 1808 ಮತ್ತು 1809ನೆಯ ವರ್ಷಗಳಲ್ಲಿ ಎಡಿನ್‌ಬರೋ ರಿವ್ಯೂ ಎಂಬ ಹೆಸರುವಾಸಿಯಾದ ಪತ್ರಿಕೆಯಲ್ಲಿ ಸಿಡ್ನಿ ಸ್ಮಿತ್ ಎಂಬ ಬರಹಗಾರನು, ತಾನೂ ಒಬ್ಬ ಬೋಧಕನಾಗಿದ್ದು, ಈ ಮಿಶನರಿಗಳನ್ನು ಭಕ್ತಿಯ ವೇಷದ ಜೋಡು ಹೊಲಿಯುವವರ ಗುಂಪೆಂದು ಹಂಗಿಸಿದನು. ಇಂಗ್ಲೆಂಡಿನ ವಿದ್ಯಾವಂತರು ಓದಿ ನಕ್ಕರು. ರಾಬರ್ಟ್ ಸದೆ ಎಂಬ ಕವಿಯು ಮತ್ತೊಂದು ಪತ್ರಿಕೆಯಲ್ಲಿ ಅವರ ಪಕ್ಷವಾಗಿ ಬರೆದನು. ಕೇರಿಯವರಾದರೋ ತಮ್ಮ ಪಂಡಿತರ ನಡುವೆ ಕುಳಿತು ಅಂದಿನ ಭಾಷಾಂತರವನ್ನು ಮುಂದರಿಸಿದರು.

ಕೆಲವು ವರ್ಷಗಳ ತರುವಾಯ ಬ್ಯಾರಕ್‌ಪುರದಲ್ಲಿ ಗವರ್ನರ್ ಜನರಲರ ಔತಣಕ್ಕೆ ಕೇರಿಯವರು ಹೋಗಿದ್ದರು. ಅಲ್ಲಿ ಒಬ್ಬ ಸೇನಾಧಿಕಾರಿಯು ಇನ್ನೊಬ್ಬನನ್ನು ಕುರಿತು, ಈ ಕೇರಿಯು ಮೊದಲು ಜೋಡು ಮಾಡುವವನಾಗಿದ್ದನಲ್ಲವೇ ಎಂದು ಕೇಳಿದ್ದು ಅವರ ಕಿವಿಗೆ ಬಿತ್ತು. ಅವರು ಮುಂದೆ ಬಂದು, ಹಾಗಲ್ಲ, ತಾನು ಹೊಸ ಜೋಡು ಮಾಡುವವನೂ ಅಲ್ಲ, ಹಳೇ ಜೋಡುಗಳಿಗೆ ತೇಪೆ ಹಾಕುವವನು ಮಾತ್ರ ಎಂದು ಶಾಂತವಾಗಿ ಉತ್ತರಕೊಟ್ಟರು. ಪ್ರಿಯರೇ, ಇದು ಸೋತವನ ಮಾತಲ್ಲ, ಹಗೆಯ ಮಾತೂ ಅಲ್ಲ. ಕೆಳಗಿಳಿಸಬೇಕೆಂದು ಬಂದವನಿಗಿಂತ ಒಂದು ಮೆಟ್ಟಲು ಕೆಳಗೆ ತಾನಾಗಿ ಇಳಿದು ನಿಂತವನನ್ನು ಇನ್ನೆಲ್ಲಿಗೆ ಇಳಿಸಲಾದೀತು? ಹಿತ್ತಾಳೆಯ ನಾಣ್ಯದ ದಿನ ದೇವರ ಮುಂದೆ ನಾಚಿದ ಆ ಹುಡುಗನು, ಪ್ರಭುಗಳ ಮೇಜಿನ ಮುಂದೆ ನಾಚಬೇಕಾದ ಅಗತ್ಯವೇ ಇಲ್ಲದ ಮನುಷ್ಯನಾಗಿದ್ದನು.

ನಮ್ಮ ಕನ್ನಡದವರ ಮನಸ್ಸನ್ನು ಮುಟ್ಟುವ ಸಂಗತಿಯೂ ಈ ಚರಿತ್ರೆಯಲ್ಲಿ ಉಂಟು. 1812ನೆಯ ಇಸವಿಯ ಮಾರ್ಚ್ 11ರ ಸಾಯಂಕಾಲ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆಗಳು, ಬಹುವರ್ಷಗಳ ಹಸ್ತಪ್ರತಿಗಳು ಒಂದೇ ರಾತ್ರಿಯಲ್ಲಿ ಬೂದಿಯಾದವು. ಅವುಗಳಲ್ಲಿ ಕೇರಿಯವರು ಸಿದ್ಧಮಾಡಿದ್ದ ಕನ್ನಡ ಹೊಸ ಒಡಂಬಡಿಕೆಯ ಪ್ರತಿಯೂ ಇತ್ತು. ಕಲ್ಕತ್ತೆಯಿಂದ ಬಂದು ಹೊಗೆಯಾಡುವ ಆ ಸ್ಥಳದಲ್ಲಿ ನಿಂತಾಗ ಅವರ ಕಣ್ಣುಗಳಲ್ಲಿ ನೀರು ತುಂಬಿತು. ತಾವು ಕೆಲಸದಲ್ಲಿ ಅತಿಯಾದ ನೆಚ್ಚಿಗೆ ಇಟ್ಟದ್ದರಿಂದ ದೇವರು ತಮ್ಮನ್ನು ತಗ್ಗಿಸಿದ್ದಾನೆಂದು ತಿಳಿದುಕೊಂಡು, ಅವರು ಮೊದಲಿನಿಂದ ಪ್ರಾರಂಭಿಸಿದರು. ಕರಗಿದ ಸೀಸವನ್ನು ಬೂದಿಯೊಳಗಿಂದ ಎತ್ತಿ ಹೊಸ ಮೊಳೆಗಳನ್ನು ಎರಕಹೊಯ್ದರು. ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ನಗೆಗೆ ಗುರಿಯಾಗಿದ್ದ ಹೆಸರು ಈಗ ಎಲ್ಲರಿಗೂ ಪ್ರಿಯವಾಯಿತು. ಸಭೆಗಳವರು ಬೇಗನೆ ಹಣ ಕೂಡಿಸಿ ನಷ್ಟವನ್ನು ತುಂಬಿದರು. ಕೇರಿಯವರು ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು.

ಕಟ್ಟಕಡೆಯ ಶೋಧನೆಯು ಹೊರಗಿನವರಿಂದಲ್ಲ, ಸ್ವಂತ ಸಹೋದರರಿಂದ ಬಂತು. ಮೊದಲಿನ ಸ್ನೇಹಿತರು ತೀರಿಹೋದ ಮೇಲೆ ಇಂಗ್ಲೆಂಡಿನ ಸಂಘದಲ್ಲಿ ಹೊಸಬರು ಬಂದು, ಶ್ರೀರಾಮಪುರದವರು ಮಿಶನಿನ ಆಸ್ತಿಯನ್ನು ತಮ್ಮದಾಗಿ ಮಾಡಿಕೊಂಡು ಸುಖವಾಗಿ ಬದುಕುತ್ತಾರೆಂದು ಸಂಶಯಪಟ್ಟರು. ಸಂಪಾದಿಸಿದ್ದನ್ನೆಲ್ಲಾ ಕೊಟ್ಟವರಿಗೆ ಇದಕ್ಕಿಂತ ಕಹಿಯಾದ ಮಾತು ಮತ್ತೊಂದಿಲ್ಲ. 1827ರಲ್ಲಿ ಎರಡು ಪಕ್ಷಗಳೂ ಬೇರೆಯಾದವು. ಕೇರಿಯವರು ಬಹಳ ನೊಂದರು. ಆದರೂ ಕೆಲಸವನ್ನು ನಿಲ್ಲಿಸಲಿಲ್ಲ. ಬಂಗಾಳಿ ಹೊಸ ಒಡಂಬಡಿಕೆಯನ್ನು ಮತ್ತೆ ಮತ್ತೆ ತಿದ್ದಿ, ಎಂಟನೆಯ ಮುದ್ರಣವನ್ನು 1832ರಲ್ಲಿ ಮುಗಿಸಿದರು. ತಮ್ಮಲ್ಲಿರುವ ಗುಣವೊಂದೇ, ಅದು ಹಿಡಿದ ಕೆಲಸದಲ್ಲಿ ಎಡೆಬಿಡದೆ ಹೆಜ್ಜೆಯಿಡುವದು ಎಂದು ಅವರು ತಮ್ಮ ಸೋದರನ ಮಗನಿಗೆ ಹೇಳಿದ್ದರು.

ಅವರು ಮರಣಶಯ್ಯೆಯಲ್ಲಿದ್ದಾಗ ಡಫ್ ಎಂಬ ಯೌವನಸ್ಥ ಮಿಶನರಿಯು ನೋಡಲು ಬಂದು ಅವರ ಸೇವೆಯನ್ನು ಕುರಿತು ಬಹಳವಾಗಿ ಮಾತಾಡಿದನು. ಹೊರಡುವಾಗ ಕೇರಿಯವರು ಅವನನ್ನು ಹಿಂದಕ್ಕೆ ಕರೆದು, ತಾನು ಹೋದ ಮೇಲೆ ಕೇರಿಯ ಮಾತನ್ನೆತ್ತದೆ ಕೇರಿಯ ರಕ್ಷಕನ ಮಾತನ್ನಾಡಬೇಕೆಂದು ಬೇಡಿಕೊಂಡರು. ನಿಂದೆಯಿಂದ ಕುಗ್ಗದ ಮನುಷ್ಯನು ಸ್ತುತಿಯಿಂದ ಉಬ್ಬಲೂ ಇಲ್ಲ. 1834ನೆಯ ಇಸವಿಯ ಜೂನ್ 9ರಂದು ಅವರು ಶ್ರೀರಾಮಪುರದಲ್ಲಿ ನಿದ್ರೆಹೋದರು. ತಮ್ಮ ಸಮಾಧಿಯ ಕಲ್ಲಿನ ಮೇಲೆ ಹೆಸರು, ಹುಟ್ಟಿದ ಸತ್ತ ದಿನಗಳು, ಮತ್ತು ಪಾಪಿಯೊಬ್ಬನು ಕ್ರಿಸ್ತನ ಕೈಗಳಲ್ಲಿ ಬೀಳುವದನ್ನು ಹೇಳುವ ಒಂದು ಗೀತೆಯ ಎರಡು ಸಾಲುಗಳ ಹೊರತು ಬೇರೇನೂ ಇರಬಾರದೆಂದು ಮೊದಲೇ ಬರೆದಿಟ್ಟಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಶನಿನ ಮೊದಲಿನ ಮೂವರು ಸೇವಕರು ಕಲ್ಲಿಕೋಟೆಯಲ್ಲಿ ಹಡಗಿಳಿದು ಮಂಗಳೂರಿಗೆ ಬಂದರು. ಒಬ್ಬ ಕೆಲಸದವನನ್ನು ಕರ್ತನು ಕರೆದುಕೊಂಡರೂ ಹೊಲವನ್ನು ಬೀಳುಬಿಡುವದಿಲ್ಲ.

ಪ್ರಿಯ ವಾಚಕರೇ, ನಿಮ್ಮನ್ನು ಹಂಗಿಸುವವರು ನಾಳೆಯೂ ಇರುವರು. ಅವರ ಮಾತಿನಲ್ಲಿ ಸತ್ಯವಿದ್ದರೆ ಕೇರಿಯ ಹಾಗೆ ನಾಚಿ ತಿದ್ದಿಕೊಳ್ಳಿರಿ. ಅದು ನಿಮ್ಮ ಬಡತನವನ್ನೋ ಕಸುಬನ್ನೋ ಕುರಿತದ್ದಾದರೆ, ಅದು ಪಾಪವಲ್ಲವಾದದರಿಂದ ಮುಚ್ಚಿಡುವದಕ್ಕೂ ಜಗಳಾಡುವದಕ್ಕೂ ಅದರಲ್ಲಿ ಏನಿದೆ? ಕ್ರಿಸ್ತನ ನಿಮಿತ್ತವಾದದ್ದಾದರೆ, ಆತನು ಪಾಳೆಯದ ಹೊರಗೆ ನಿಮಗಿಂತ ಮೊದಲೇ ನಿಂತಿದ್ದಾನೆಂದು ನೆನಸಿರಿ. ಆತನ ಬಳಿಗೆ ಹೋಗಿ ನಿಂತುಕೊಂಡು, ನಿಮ್ಮ ಕೈಗೆ ಬಂದ ಕೆಲಸವನ್ನು ಎಡೆಬಿಡದೆ ಮಾಡಿರಿ. ಈ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.